ಉಗಿಧಾರಾ ಶೈತ್ಯೀಕರಣ

ನೀರನ್ನೇ ಶೀತಕವನ್ನಾಗಿಯೂ ಉಗಿಯ ವೇಗವನ್ನೇ ಸಂಪೀಡಕವನ್ನಾಗಿಯೂ ಮಾಡಿಕೊಂಡು, ಪಿಸ್ಟನ್ನಾಗಲಿ ತಿರುಗುವ ಚಕ್ರವಾಗಲಿ ಇಲ್ಲದೆ, ಬಾಯ್ಲರಿನ ಶಾಖದ ಬಲದಿಂದಲೇ ತಂಪನ್ನು ಉತ್ಪಾದಿಸುವ ಯಂತ್ರವ್ಯವಸ್ಥೆಗೆ ಉಗಿಧಾರಾ ಶೈತ್ಯೀಕರಣವೆಂದು ಹೆಸರು. ಕಾರ್ಖಾನೆಗಳಲ್ಲಿ ಇದನ್ನು ಸ್ಟೀಮ್ ಜೆಟ್ ಎಂದೇ ಕರೆಯುವುದು ರೂಢಿ. ಬೆಂಕಿಯಿಂದ ಹುಟ್ಟಿದ ಉಗಿಯು ತಣ್ಣೀರನ್ನು ಇನ್ನಷ್ಟು ತಣ್ಣಗೆ ಮಾಡುವುದೆಂಬ ಮಾತು ಮೊದಲ ಬಾರಿಗೆ ಕೇಳಿದವರಿಗೆ ವಿರೋಧಾಭಾಸದಂತೆ ತೋರಬಹುದಾದರೂ, ಈ ಯಂತ್ರದಲ್ಲಿ ಉಗಿಯು ನೀರನ್ನು ನೇರವಾಗಿ ಮುಟ್ಟುವುದೇ ಇಲ್ಲ. ನೀರು ತನ್ನ ಶಾಖವನ್ನು ತಾನೇ ಹೊರಹಾಕಿ ತಂಪಾಗುವುದಕ್ಕೆ ಅಡ್ಡಿಯಾಗಿ ಅದರ ಮೇಲೆ ನಿಂತಿರುವ ಆವಿಯನ್ನು ಸೆಳೆದೊಯ್ಯುವುದಷ್ಟೇ ಉಗಿಯ ಕೆಲಸ. ಬಾಯ್ಲರಿನಿಂದ ಬರುವುದೂ ತಣ್ಣೀರಿನಿಂದ ಏಳುವುದೂ ವಸ್ತುತಃ ಒಂದೇ ಪದಾರ್ಥವಾದಕಾರಣ, ಗೊಂದಲವಾಗದಿರಲೆಂದು ಮೊದಲನೆಯದನ್ನು ಉಗಿಯೆಂದೂ ಎರಡನೆಯದನ್ನು ಆವಿಯೆಂದೂ ಈ ಲೇಖನದಲ್ಲಿ ಹೇಳಿದೆ.

ದ್ರವವೊಂದು ಆವಿಯಾಗಬೇಕಾದರೆ ಅದಕ್ಕೆ ಶಾಖ ಬೇಕು. ಆ ಶಾಖವು ಹೊರಗಿನಿಂದ ಒದಗದಿದ್ದಲ್ಲಿ, ಆವಿಯಾಗುವ ಭಾಗವು ಅದನ್ನು ಉಳಿದ ದ್ರವದಿಂದಲೇ ಸೆಳೆದುಕೊಳ್ಳುವುದು. ಬೇಸಗೆಯಲ್ಲಿ ಮಣ್ಣಿನ ಹೂಜಿಯ ನೀರು ತಂಪಾಗುವುದು ಈ ಕಾರಣದಿಂದಲೇ. ಆದರೆ ಹೂಜಿಯ ಮೈಯಿಂದ ನೀರು ಆರುವುದು ಸುತ್ತಲಿನ ಗಾಳಿಯ ಶುಷ್ಕತೆಯನ್ನು ಅವಲಂಬಿಸಿ ಮೆಲ್ಲಮೆಲ್ಲನೆ ನಡೆಯುವ ವ್ಯಾಪಾರ. ಅದೇ ನೀರನ್ನು ತಣ್ಣಗಿರುವಾಗಲೇ ಕುದಿಯುವಂತೆ ಮಾಡಬಲ್ಲೆವಾದರೆ, ಗಂಟೆಗಳ ಕೆಲಸವು ಕ್ಷಣದಲ್ಲಿ ಮುಗಿಯುವುದು. ನೀರು ಯಾವ ಉಷ್ಣತೆಯಲ್ಲಿ ಕುದಿಯುವುದೆಂಬುದು ಅದರ ಮೇಲಿರುವ ಒತ್ತಡಕ್ಕೆ ಅಧೀನವಾದ ವಿಷಯ. ಸಮುದ್ರಮಟ್ಟದಲ್ಲಿ, ಪಾದರಸದ 760 ಮಿಲಿಮೀಟರ್ ಒತ್ತಡದಲ್ಲಿ, ಅದು 100 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕುದಿಯುವುದಾದರೆ, 900 ಮೀಟರಿಗೂ ಮಿಕ್ಕ ಎತ್ತರದಲ್ಲಿರುವ ಬೆಂಗಳೂರಿನಲ್ಲಿ 97 ಡಿಗ್ರಿಯ ಸುಮಾರಿಗೇ ಕುದಿ ಏಳುವುದು. ಒತ್ತಡವನ್ನು 42 ಮಿಲಿಮೀಟರಿಗೆ ಇಳಿಸಿದರೆ 35 ಡಿಗ್ರಿಯಲ್ಲಿಯೂ, ಸುಮಾರು 9 ಮಿಲಿಮೀಟರಿಗೆ ಇಳಿಸಿದರೆ 10 ಡಿಗ್ರಿಯಲ್ಲಿಯೂ, ಏಳೂವರೆ ಮಿಲಿಮೀಟರಿಗೆ ಇಳಿಸಿದರೆ 7 ಡಿಗ್ರಿಯಲ್ಲಿಯೂ ನೀರು ಕುದಿಯಲೇಬೇಕು. ಕುದಿಯುವುದೆಂದರೆ ಬಿಸಿಯಾಗಿರುವುದೆಂಬುದು ಅಡುಗೆಮನೆಯ ಅನುಭವವೇ ಹೊರತು ನಿಸರ್ಗದ ನಿಯಮವಲ್ಲ.

ಈ 7 ಡಿಗ್ರಿಯಲ್ಲಿ ಒಂದು ಕಿಲೋಗ್ರಾಂ ನೀರು ಆವಿಯಾಗುವಾಗ ತನ್ನೊಡನೆ ಒಯ್ಯುವ ಗುಪ್ತೋಷ್ಣವು ಸುಮಾರು 2,485 ಕಿಲೋಜೂಲ್, ಎಂದರೆ 590 ಕಿಲೋಕ್ಯಾಲರಿಗೂ ಹೆಚ್ಚು. ಮಂಜುಗಡ್ಡೆಯ ಕಾರ್ಖಾನೆಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಅಮೋನಿಯಾ ಒಯ್ಯುವುದು ಇದರ ಅರ್ಧದಷ್ಟನ್ನು ಮಾತ್ರ. ಗುಪ್ತೋಷ್ಣದ ದೃಷ್ಟಿಯಿಂದ ನೋಡಿದರೆ ನೀರಿನಂಥ ಶೀತಕವು ಮತ್ತೊಂದಿಲ್ಲ; ಅದು ವಿಷವಲ್ಲ, ಉರಿಯುವುದಿಲ್ಲ, ಸೋರಿ ಹೋದರೆ ಭಯವಿಲ್ಲ, ಬೆಲೆಯೂ ಅತ್ಯಲ್ಪ. ಶೀತಕಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಅದಕ್ಕೂ ಆರ್-718 ಎಂಬ ಅಂಕಿತವಿದೆ. ಹನ್ನೆರಡು ಡಿಗ್ರಿಯ ನೂರು ಲೀಟರ್ ನೀರನ್ನು ಏಳು ಡಿಗ್ರಿಗೆ ಇಳಿಸಲು ಅದರಲ್ಲಿ ಒಂದು ಲೀಟರಿಗಿಂತ ಕಡಿಮೆ ಭಾಗ ಆವಿಯಾದರೆ ಸಾಕು; ಉಳಿದ ತೊಂಬತ್ತೊಂಬತ್ತು ಲೀಟರು ತಂಪಾಗಿ ಕೈಗೆ ಸಿಕ್ಕುವುದು.

ಇಷ್ಟೊಂದು ಗುಣಗಳುಳ್ಳ ದ್ರವ್ಯವು ಶೈತ್ಯಯಂತ್ರಗಳಲ್ಲಿ ಮೊದಲ ಸ್ಥಾನವನ್ನು ಪಡೆಯದೆ ಹೋದುದೇಕೆಂಬುದನ್ನು ತಿಳಿಯಬೇಕಾದರೆ, ಮೊದಲ ಪ್ರಯೋಗಕಾರರು ಎದುರಿಸಿದ ತೊಡಕನ್ನು ನೋಡಬೇಕು. 1755ರ ಸುಮಾರಿಗೆ ಸ್ಕಾಟ್ಲೆಂಡಿನ ವೈದ್ಯನೂ ರಸಾಯನಶಾಸ್ತ್ರಜ್ಞನೂ ಆದ ವಿಲಿಯಂ ಕಲೆನ್, ವಾಯುರೇಚಕ ಯಂತ್ರದಿಂದ ಈಥರಿನ ಮೇಲಣ ಒತ್ತಡವನ್ನು ತಗ್ಗಿಸಿ, ಅದು ಆವಿಯಾದ ಭರಕ್ಕೆ ಪಕ್ಕದ ನೀರು ಹೆಪ್ಪುಗಟ್ಟುವುದನ್ನು ಕಂಡನು. ಅಲ್ಲಿ ಆವಿಯಾದುದು ನೀರಲ್ಲ. 1810ರಲ್ಲಿ ಎಡಿನ್‌ಬರೋದಲ್ಲಿ ಜಾನ್ ಲೆಸ್ಲಿ ನೀರನ್ನೇ ಅದರ ಸ್ವಂತ ಆವಿಯ ಮೂಲಕ ಮಂಜುಗಡ್ಡೆಯಾಗಿಸಿದನು. ಆದರೆ ಇದಕ್ಕಾಗಿ ಅವನು ಗಾಳಿ ತೆಗೆದ ಗಂಟೆಯಾಕಾರದ ಮುಚ್ಚಳದೊಳಗೆ ನೀರಿನ ಬಟ್ಟಲಿನ ಸಮೀಪದಲ್ಲಿಯೇ ಗಂಧಕಾಮ್ಲದ ಪಾತ್ರೆಯೊಂದನ್ನು ಇರಿಸಬೇಕಾಯಿತು. ಪಂಪಿನ ಶಕ್ತಿಗೆ ಮೀರಿದಷ್ಟು ಆವಿ ಏಳುತ್ತಿದ್ದುದರಿಂದ, ಅದನ್ನು ಹೀರಿಕೊಳ್ಳುವ ಕೆಲಸವನ್ನು ಆಮ್ಲಕ್ಕೆ ಒಪ್ಪಿಸಿದ ಜಾಣ್ಮೆ ಅದು. ಮುಂದೆ ಫ್ರಾನ್ಸಿನ ಎಡ್ಮಂಡ್ ಕಾರೆ ಇದೇ ಉಪಾಯವನ್ನು ಕೈಪಂಪಿನ ಯಂತ್ರವಾಗಿ ರೂಪಿಸಿದಾಗ, ಪ್ಯಾರಿಸಿನ ಕೆಫೆಗಳು ನೀರಿನ ಹೂದಾನಿಯಾಕಾರದ ಸೀಸೆಗಳನ್ನು ತಣ್ಣಗೆ ಮಾಡಲು ಅದನ್ನು ಬಳಸಿದುವು. ಆಮ್ಲವು ಆವಿಯನ್ನು ಕುಡಿದು ಕುಡಿದು ದುರ್ಬಲವಾಗುತ್ತಿತ್ತು. ಅದನ್ನು ಮತ್ತೆ ಮತ್ತೆ ಬದಲಾಯಿಸಬೇಕಾಗುತ್ತಿತ್ತು.

ತೊಡಕಿನ ಮೂಲವಿರುವುದು ಆವಿಯ ಗಾತ್ರದಲ್ಲಿ. ಏಳು ಡಿಗ್ರಿಯಲ್ಲಿ ಕುದಿದ ಒಂದು ಕಿಲೋಗ್ರಾಂ ನೀರು ಸುಮಾರು 129 ಘನಮೀಟರ್ ಸ್ಥಳವನ್ನು ತುಂಬುತ್ತದೆ. ಸಾಧಾರಣ ವಾಸದ ಕೊಠಡಿಗಳು ಮೂರು ನಾಲ್ಕನ್ನು ಸೇರಿಸಿದರೆ ಆಗುವಷ್ಟು ಅವಕಾಶವದು. ಸಮಾನ ಪ್ರಮಾಣದ ತಂಪಿಗಾಗಿ ಅಮೋನಿಯಾ ಯಂತ್ರವು ಸೆಳೆಯಬೇಕಾದ ಆವಿಯ ಗಾತ್ರಕ್ಕಿಂತ ನೀರಿನ ಯಂತ್ರವು ಸೆಳೆಯಬೇಕಾದುದು ಸರಿಸುಮಾರು ಮುನ್ನೂರು ಪಟ್ಟು ಹೆಚ್ಚು. ಒಂದು ಟನ್ ಶೈತ್ಯವೆಂದರೆ ಗಂಟೆಗೆ 3,024 ಕಿಲೋಕ್ಯಾಲರಿ, ಅಥವಾ ಮೂರೂವರೆ ಕಿಲೋವಾಟಿನಷ್ಟು ಶಾಖವನ್ನು ತೆಗೆಯುವ ಸಾಮರ್ಥ್ಯವಷ್ಟೆ. ನೂರು ಟನ್ನಿನ ಸ್ಥಾವರವೊಂದರಲ್ಲಿ ಗಂಟೆಗೆ ಸುಮಾರು 530 ಕಿಲೋಗ್ರಾಂ ಆವಿ ಏಳುವುದಾಗಿ ಲೆಕ್ಕ ಹಿಡಿದರೆ, ಪ್ರತಿ ಸೆಕೆಂಡಿಗೆ ಸುಮಾರು 19 ಘನಮೀಟರ್ ಆವಿಯನ್ನು ಎಡೆಬಿಡದೆ ಹೊರಸಾಗಿಸುತ್ತಿರಬೇಕು. ಇದನ್ನು ಸಿಲಿಂಡರಿನಲ್ಲಿ ಆಡುವ ಪಿಸ್ಟನ್ನಿಗೆ ಒಪ್ಪಿಸಿದರೆ ಆ ಸಿಲಿಂಡರು ಒಂದು ಮನೆಯಷ್ಟಾಗುವುದು. ನೀರಿನಿಂದ ತಂಪನ್ನು ಹುಟ್ಟಿಸುವುದು ಎಂದಿಗೂ ಕಷ್ಟವಾಗಿರಲಿಲ್ಲ; ಹುಟ್ಟಿದ ಆವಿಯನ್ನು ದಾಟಿಸುವುದೇ ಕಷ್ಟವಾಗಿತ್ತು. ಈ ವ್ಯವಸ್ಥೆಯ ಪ್ರತಿಯೊಂದು ಅಂಗವನ್ನೂ ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿರಿಸಿಕೊಂಡು ನೋಡುವುದು ಯುಕ್ತ.

ಅಂಥ ವಿಪುಲವಾದ, ಅತಿ ವಿರಳವಾದ ಆವಿಯನ್ನು ಸೆಳೆಯುವುದಕ್ಕೆ ಒದಗಿಬಂದ ಸಾಧನವು ಎಜೆಕ್ಟರು. ವೇಗದಿಂದ ಹೊಮ್ಮುವ ಧಾರೆಯೊಂದು ತನ್ನ ಸುತ್ತಲಿನ ಅನಿಲವನ್ನೋ ದ್ರವವನ್ನೋ ತನ್ನೊಡನೆ ಎಳೆದೊಯ್ಯುವುದೆಂಬ ಸಂಗತಿಯನ್ನು ಯಂತ್ರಕಾರ್ಯಕ್ಕೆ ಹೂಡಿದವರಲ್ಲಿ ಪ್ರಸಿದ್ಧನಾದವನು ಫ್ರಾನ್ಸಿನ ಹೆನ್ರಿ ಜಿಫಾರ್. ಉಗಿಯೆಂಜಿನ್ನನ್ನು ಹೊತ್ತ ವಾಯುನೌಕೆಯಲ್ಲಿ 1852ರಲ್ಲಿ ಆಕಾಶಕ್ಕೇರಿದ ಸಾಹಸಿಯೂ ಅವನೇ. 1858ರಲ್ಲಿ ಅವನು ರಚಿಸಿದ ಇಂಜೆಕ್ಟರು, ಬಾಯ್ಲರಿನದೇ ಉಗಿಯ ಧಾರೆಯಿಂದ ಅದೇ ಬಾಯ್ಲರಿಗೆ ನೀರುಣಿಸುವ ಉಪಕರಣವಾಗಿದ್ದು, ರೈಲ್ವೆ ಎಂಜಿನ್ನುಗಳಲ್ಲಿ ಮನೆಮಾತಾಯಿತು. ಸ್ವೀಡನ್ನಿನ ಗುಸ್ತಾಫ್ ದ ಲವಾಲ್ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ತನ್ನ ಟರ್ಬೈನಿಗಾಗಿ ಕಂಡುಕೊಂಡ, ಮೊದಲು ಕಿರಿದಾಗಿ ಬಳಿಕ ಹಿರಿದಾಗುವ ನಳಿಕೆಯು, ಉಗಿಗೆ ಶಬ್ದದ ವೇಗವನ್ನು ಮೀರಿದ ವೇಗವನ್ನು ಕೊಡುವ ಮಾರ್ಗವನ್ನು ತೆರೆಯಿತು. ಇಂಗ್ಲೆಂಡಿನ ಚಾರ್ಲ್ಸ್ ಪಾರ್ಸನ್ಸ್ ತನ್ನ ಟರ್ಬೈನುಗಳ ಉಗಿಯನ್ನು ದ್ರವವಾಗಿಸುವ ಕಂಡೆನ್ಸರಿನಿಂದ ಗಾಳಿಯನ್ನು ಹೊರಗೆಳೆಯಲು ಸಣ್ಣದೊಂದು ಉಗಿಧಾರೆಯನ್ನು ನಿಯೋಜಿಸಿದನು. ಈ ಎಳೆಗಳನ್ನೆಲ್ಲ ಕೂಡಿಸಿ, 1910ರ ಹೊತ್ತಿಗೆ ಉಗಿಧಾರೆಯಿಂದ ನಡೆಯುವ ಶೈತ್ಯಯಂತ್ರವನ್ನು ವ್ಯವಹಾರಯೋಗ್ಯವಾಗಿ ನಿರ್ಮಿಸಿದ ಕೀರ್ತಿಯು ಮತ್ತೊಬ್ಬ ಫ್ರೆಂಚ್ ಎಂಜಿನಿಯರಾದ ಮಾರಿಸ್ ಲೆಬ್ಲಾಂಕನಿಗೆ (1857–1923) ಸಲ್ಲುವುದು. ವಿದ್ಯುದ್ಯಂತ್ರಗಳ ಕ್ಷೇತ್ರದಲ್ಲಿಯೂ ಹೆಸರಾದವನಾತ. ತಿರುಗುವ ಯಂತ್ರಗಳ ಹೊಯ್ದಾಟವನ್ನು ಅಡಗಿಸುವ ಸುತ್ತುಗಳಿಗೆ ಅವನ ಹೆಸರಿನ ನಂಟಿದೆ.

ಎಜೆಕ್ಟರಿನ ಒಳಗೆ ನಡೆಯುವುದನ್ನು ನಿಧಾನವಾಗಿ ನೋಡತಕ್ಕದ್ದು. ಸುಮಾರು 7 ಬಾರ್ ಒತ್ತಡದ, 165 ಡಿಗ್ರಿಯಷ್ಟು ಬಿಸಿಯಾದ ಒಣ ಉಗಿ ನಳಿಕೆಯ ಬಾಯಿಗೆ ಬರುತ್ತದೆಂದು ಇಟ್ಟುಕೊಳ್ಳೋಣ. ನಳಿಕೆಯ ಕಂಠದಲ್ಲಿ ಒತ್ತಡವು ಮೊದಲಿನ ಅರ್ಧಕ್ಕಿಂತ ತುಸು ಹೆಚ್ಚಿನ ಮಟ್ಟಕ್ಕೆ ಇಳಿಯುವಷ್ಟರಲ್ಲಿ ಉಗಿಯ ವೇಗವು ಶಬ್ದದ ವೇಗವನ್ನು ಮುಟ್ಟುವುದು; ಅಲ್ಲಿಂದ ಮುಂದೆ ಮಾರ್ಗವನ್ನು ಇನ್ನೂ ಕಿರಿದುಮಾಡಿದರೆ ವೇಗ ಹೆಚ್ಚದು, ಅಗಲಮಾಡಿದರೆ ಮಾತ್ರ ಹೆಚ್ಚುವುದು. ಆದಕಾರಣ ಕಂಠದಿಂದಾಚೆಗೆ ನಳಿಕೆಯು ಮೆಲ್ಲನೆ ಅಗಲವಾಗುತ್ತ ಹೋಗುವುದು. ಉಗಿಯು ಅಲ್ಲಿ ಹಿಗ್ಗುತ್ತ ಹಿಗ್ಗುತ್ತ, ತುದಿಯಲ್ಲಿ ಬಾರಿನ ನೂರನೆಯ ಒಂದು ಭಾಗದಷ್ಟು ಒತ್ತಡಕ್ಕೆ ಇಳಿದು, ಸೆಕೆಂಡಿಗೆ 1,200 ಮೀಟರಿಗೂ ಮೀರಿದ ವೇಗದಿಂದ ಹೊರನುಗ್ಗುವುದು. ಈ ವೇಗವೆಲ್ಲ ಬಂದುದು ಉಗಿಯ ಸ್ವಂತ ಶಾಖದಿಂದ. ನಳಿಕೆಯ ಬಾಯಿಯಲ್ಲಿ ಕೈಸುಡುವಂತಿದ್ದ ಉಗಿಯು ನಳಿಕೆಯ ತುದಿಯಲ್ಲಿ ಏಳೆಂಟು ಡಿಗ್ರಿಗೆ ಇಳಿದಿರುತ್ತದೆ. ಅದರ ನಾಲ್ಕನೆಯ ಒಂದು ಪಾಲು ಸೂಕ್ಷ್ಮ ಹನಿಗಳಾಗಿ ಹೆಪ್ಪುಗೂಡುವ ಸ್ಥಿತಿಗೆ ಬಂದಿರುತ್ತದೆ. ಇನ್ನೂ ಕೆಳಗಿನ ಒತ್ತಡದಲ್ಲಿ ಕೆಲಸಮಾಡುವ ಎಜೆಕ್ಟರುಗಳಲ್ಲಿ ನಳಿಕೆಯ ತುದಿಗೆ ಮಂಜುಗಡ್ಡೆ ಕಟ್ಟಿಕೊಂಡು ಧಾರೆಯನ್ನು ಕೆಡಿಸುವುದೂ ಉಂಟು. ಅದನ್ನು ತಡೆಯಲು ಅಲ್ಲಿ ಹೊರಗಿನಿಂದ ಬಿಸಿ ಉಗಿಯ ಕವಚವನ್ನು ತೊಡಿಸುತ್ತಾರೆ.

ಹೀಗೆ ಹೊಮ್ಮಿದ ಧಾರೆಯು ಸುತ್ತಲಿನ ಆವಿಯನ್ನು ಉಜ್ಜಿ, ಸೆಳೆದು, ತನ್ನೊಡನೆ ಬೆರೆಸಿಕೊಂಡು ಮುಂದೋಡುವುದು. ನಿಶ್ಚಲಪ್ರಾಯವಾದ ಆವಿಗೆ ಧಾರೆಯು ತನ್ನ ಸಂವೇಗದ ಪಾಲನ್ನು ಕೊಡುವಾಗ ಒಟ್ಟು ಸಂವೇಗವು ಉಳಿಯುವುದಾದರೂ ಚಲನಶಕ್ತಿಯು ಉಳಿಯುವುದಿಲ್ಲ. ಒಂದು ಕಿಲೋಗ್ರಾಂ ಉಗಿಯು 0.4 ಕಿಲೋಗ್ರಾಂ ಆವಿಯನ್ನು ಎಳೆದುಕೊಂಡಿತೆನ್ನಿ. ಸೆಕೆಂಡಿಗೆ 1,260 ಮೀಟರಿದ್ದ ವೇಗವು 900 ಮೀಟರಿಗೆ ಇಳಿಯುವುದು, ಚಲನಶಕ್ತಿಯಲ್ಲಿ ಶೇಕಡ ಇಪ್ಪತ್ತೆಂಟಕ್ಕೂ ಹೆಚ್ಚು ಭಾಗ ಮಿಶ್ರಣದ ಘರ್ಷಣೆಯಲ್ಲಿ ಶಾಖವಾಗಿ ಕರಗಿಹೋಗುವುದು. ಇದು ಕುಶಲಿಯಾದ ಯಂತ್ರಶಿಲ್ಪಿಯು ನಳಿಕೆಯನ್ನು ನುಣುಪುಮಾಡಿ ತಪ್ಪಿಸಬಹುದಾದ ನಷ್ಟವಲ್ಲ. ವೇಗದ ವಸ್ತುವೂ ನಿಂತ ವಸ್ತುವೂ ಕೂಡಿ ಒಂದಾಗಿ ಚಲಿಸುವಲ್ಲೆಲ್ಲ ತೆರಲೇಬೇಕಾದ ತೆರಿಗೆ. ನಳಿಕೆಯ ದಕ್ಷತೆಯನ್ನು ಶೇಕಡ 85ರಿಂದ 90ರವರೆಗೂ, ಎಳೆತದ ದಕ್ಷತೆಯನ್ನು ಶೇಕಡ 65ರ ಸುಮಾರಿಗೂ, ಬೆರೆತ ಪ್ರವಾಹದ ವೇಗವನ್ನು ಒತ್ತಡವಾಗಿ ಮಾರ್ಪಡಿಸುವ ಡಿಫ್ಯೂಸರಿನ ದಕ್ಷತೆಯನ್ನು ಶೇಕಡ 75ರಿಂದ 80ರವರೆಗೂ ಹಿಡಿದು ಲೆಕ್ಕ ಹಾಕುವುದು ಪಠ್ಯಗ್ರಂಥಗಳ ಪದ್ಧತಿ. ಈ ಮೂರರಲ್ಲಿ ನಡುವಣದೇ ಅತ್ಯಂತ ಕಡಿಮೆಯಾಗಿರುವುದರ ಕಾರಣ ಮೇಲೆ ಹೇಳಿದುದು. ಉಗಿಧಾರಾ ಯಂತ್ರವನ್ನು ಅದಕ್ಷವೆಂದು ಬೈಯುವವರು ಮೊದಲು ಇದನ್ನು ಅರಿಯಬೇಕು: ಚಲಿಸುವ ಒಂದು ಅಂಗವೂ ಇಲ್ಲದ ಸಂಪೀಡಕವು ನಮಗೆ ದೊರೆಯುವುದು ಈ ಬೆಲೆಗೇ.

ಬೆರೆತ ಪ್ರವಾಹವು ಇನ್ನೂ ಶಬ್ದವೇಗಕ್ಕಿಂತ ಹೆಚ್ಚಿನ ವೇಗದಲ್ಲಿಯೇ ಇರುವುದರಿಂದ, ಅದು ಹೊಕ್ಕ ಡಿಫ್ಯೂಸರಿನ ಮೊದಲ ಭಾಗವು ಕಿರಿದಾಗುತ್ತ ಬಂದು, ನಡುವೆ ಒಂದೇ ಅಗಲದ ಕಂಠವಾಗಿ ಸ್ವಲ್ಪ ದೂರ ಸಾಗಿ, ಅನಂತರ ಅಗಲವಾಗುವುದು. ಕಂಠದ ಆಸುಪಾಸಿನಲ್ಲಿ ಆಘಾತ ತರಂಗವೊಂದು ನೆಲೆಗೊಳ್ಳುವುದು. ಅದನ್ನು ದಾಟುವ ಪ್ರವಾಹದ ವೇಗ ಥಟ್ಟನೆ ಶಬ್ದವೇಗಕ್ಕಿಂತ ಕೆಳಗಿಳಿದು ಒತ್ತಡ ಥಟ್ಟನೆ ಮೇಲೇರುವುದು. ಮುಂದಿನ ಅಗಲವಾಗುವ ಭಾಗದಲ್ಲಿ ಉಳಿದ ವೇಗವೂ ಒತ್ತಡವಾಗಿ ಮಾರ್ಪಡುವುದು. ಏಳೂವರೆ ಮಿಲಿಮೀಟರ್ ಒತ್ತಡದಲ್ಲಿ ಒಳಬಂದ ಆವಿಯು ಇಲ್ಲಿಂದ ಹೊರಡುವಾಗ ನಲವತ್ತೈದೋ ಐವತ್ತೋ ಮಿಲಿಮೀಟರ್ ಒತ್ತಡವನ್ನು ಪಡೆದಿರುವುದು, ಎಂದರೆ ಆರೇಳು ಪಟ್ಟು. ಆ ಒತ್ತಡದಲ್ಲಿ ಅದು 35ರಿಂದ 40 ಡಿಗ್ರಿಯೊಳಗೆ ದ್ರವವಾಗಬಲ್ಲದು. ಕೆರೆಯ ನೀರೋ ಕೂಲಿಂಗ್ ಟವರಿನ ನೀರೋ ಅದನ್ನು ದ್ರವೀಕರಿಸಲು ಸಾಲುವುದು. ಈ ಮಿಶ್ರಣಕ್ರಿಯೆಯನ್ನು ಗಣಿತದ ಹಿಡಿತಕ್ಕೆ ತಂದವರಲ್ಲಿ ಅಮೆರಿಕದ ಜೋಸೆಫ್ ಕೀನನ್ ಮುಖ್ಯನು. ಅವನೂ ಅವನ ಸಹೋದ್ಯೋಗಿಗಳೂ 1942ರಲ್ಲಿಯೂ 1950ರಲ್ಲಿಯೂ ಪ್ರಕಟಿಸಿದ ವಿಶ್ಲೇಷಣೆಗಳು ಇಂದಿಗೂ ಎಜೆಕ್ಟರಿನ ವಿನ್ಯಾಸಕ್ಕೆ ತಳಹದಿಯಾಗಿವೆ. ಅದಕ್ಕೆ ಮೊದಲು ವಿನ್ಯಾಸವೆಂಬುದು ಬಹುಮಟ್ಟಿಗೆ ಪ್ರಯೋಗಶಾಲೆಯ ಅನುಭವವೂ ಕಾರ್ಖಾನೆಗಳ ಗುಟ್ಟೂ ಆಗಿತ್ತು.

ಆವಿ ಏಳುವ ಸ್ಥಳವಾದ ಫ್ಲ್ಯಾಶ್ ಚೇಂಬರು ದೊಡ್ಡದೊಂದು ಉಕ್ಕಿನ ಪೀಪಾಯಿಯೇ ಸರಿ. ಕಟ್ಟಡದಿಂದಲೋ ಕಾರ್ಖಾನೆಯಿಂದಲೋ ಬೆಚ್ಚಗಾಗಿ ಮರಳಿದ ನೀರನ್ನು ಅದರೊಳಗೆ ತುಂತುರಾಗಿ ಚಿಮ್ಮಿಸುತ್ತಾರೆ, ಅಥವಾ ತಟ್ಟೆಯಿಂದ ತಟ್ಟೆಗೆ ತೆಳುಪರದೆಯಾಗಿ ಬೀಳಿಸುತ್ತಾರೆ. ಆಳವಾಗಿ ನಿಂತ ನೀರಿನಲ್ಲಿ ಕೆಳಗಿನ ಪದರದ ಮೇಲೆ ಮೇಲಿನ ನೀರಿನ ಭಾರವೇ ಒತ್ತಡವಾಗಿ ಕುಳಿತಿರುತ್ತದೆ. ಇಲ್ಲಿನ ನಿರ್ವಾತವು ಎಷ್ಟು ಸೂಕ್ಷ್ಮವೆಂದರೆ, ನೀರಿನ ಹತ್ತು ಸೆಂಟಿಮೀಟರ್ ಆಳವು ಒತ್ತಡವನ್ನು ದುಪ್ಪಟ್ಟು ಮಾಡಿಬಿಡುವುದು. ಆದ್ದರಿಂದಲೇ ಹನಿ, ಪರದೆ, ವಿಸ್ತಾರವಾದ ಮೇಲ್ಮೈ. ಏಳುವ ಆವಿಯು ಭರದಿಂದ ಮೇಲಕ್ಕೆ ನುಗ್ಗುವಾಗ ಹನಿಗಳನ್ನೂ ಹೊತ್ತೊಯ್ಯದಂತೆ ದಾರಿಯಲ್ಲಿ ತಡೆಗೋಡೆಗಳಿರುವುವು.

ತಂಪಾದ ನೀರನ್ನು ಅಲ್ಲಿಂದ ಹೊರತರುವುದೂ ಸುಲಭವಲ್ಲ. ಸಾಧಾರಣ ಬಾವಿಯ ಪಂಪಿಗೆ ನೀರನ್ನು ತಳ್ಳಿಕೊಡುವುದು ವಾಯುಮಂಡಲದ ಒತ್ತಡ. ನಿರ್ವಾತದಲ್ಲಿರುವ ಪಾತ್ರೆಯಿಂದ ಎಳೆಯುವ ಪಂಪಿಗೆ ಆ ನೆರವೇ ಇಲ್ಲ, ಮೇಲಾಗಿ ನೀರು ಕುದಿಯುವ ಅಂಚಿನಲ್ಲಿಯೇ ಇದೆ. ಪಾತ್ರೆಯನ್ನು ಪಂಪಿಗಿಂತ ಕೆಲವು ಮೀಟರ್ ಎತ್ತರದಲ್ಲಿ ನಿಲ್ಲಿಸಿ, ನೀರಿನ ಸ್ವಂತ ಭಾರವೇ ಪಂಪಿನ ಬಾಯಿಗೆ ಒತ್ತಡವನ್ನು ಕೊಡುವಂತೆ ಮಾಡದಿದ್ದರೆ, ಪಂಪಿನೊಳಗೆ ನೀರು ಕುದಿದು, ಜಲ್ಲಿಕಲ್ಲು ಹೊರಳಿದಂಥ ಸದ್ದೆದ್ದು, ಪ್ರವಾಹ ಕಡಿದುಹೋಗುವುದು. ಉಗಿಧಾರಾ ಸ್ಥಾವರಗಳು ಸಾಮಾನ್ಯವಾಗಿ ಎತ್ತರದ ಉಕ್ಕಿನ ಅಟ್ಟಣೆಯ ಮೇಲೆ ನಿಂತಿರುವುದಕ್ಕೆ ಇದೂ ಒಂದು ಕಾರಣ.

ಇನ್ನೊಂದು ಕಾರಣ ಕಂಡೆನ್ಸರು. ಇದರಲ್ಲಿ ಎರಡು ಬಗೆ. ಕೊಳವೆಗಳೊಳಗೆ ತಣ್ಣೀರು ಹರಿದು ಹೊರಮೈಯಲ್ಲಿ ಉಗಿ ದ್ರವವಾಗುವುದು ಒಂದು. ಇಲ್ಲಿ ದೊರೆತ ಶುದ್ಧವಾದ ನೀರನ್ನು ಮರಳಿ ಬಾಯ್ಲರಿಗೆ ಉಣಿಸಬಹುದು, ಆದರೆ ಖರ್ಚು ಹೆಚ್ಚು. ಮತ್ತೊಂದರಲ್ಲಿ ತಣ್ಣೀರಿನ ಧಾರೆಯೇ ಉಗಿಯೊಡನೆ ನೇರವಾಗಿ ಬೆರೆಯುವುದು. ಬೆರೆತ ನೀರು ಹತ್ತು ಮೀಟರಿಗೂ ಮೀರಿದ ಉದ್ದದ ನೆಟ್ಟನೆಯ ಕೊಳವೆಯಲ್ಲಿ ಇಳಿದು ಕೆಳಗಿನ ತೊಟ್ಟಿಗೆ ಬೀಳುವುದು. ವಾಯುಮಂಡಲವು ನೀರನ್ನು 10.3 ಮೀಟರಿಗಿಂತ ಮೇಲಕ್ಕೆ ತಳ್ಳಲಾರದಾದ್ದರಿಂದ, ಆ ಕೊಳವೆಯು ಯಾವ ಪಂಪೂ ಇಲ್ಲದೆ ನಿರ್ವಾತದಿಂದ ನೀರನ್ನು ಹೊರಬಿಡುವ ಬಾಗಿಲಾಗುವುದು. ಬಾರೊಮೆಟ್ರಿಕ್ ಕಂಡೆನ್ಸರೆಂಬ ಇದನ್ನು ನೋಡಬೇಕೆಂದಿರುವವರು ಶೈತ್ಯಾಗಾರಗಳಿಗೆ ಹೋಗಬೇಕಾಗಿಲ್ಲ. ಮಂಡ್ಯದ ಕಬ್ಬಿನ ಸೀಮೆಯಲ್ಲಾಗಲಿ ಬೆಳಗಾವಿಯ ಕಡೆಯಲ್ಲಾಗಲಿ ಸಕ್ಕರೆ ಕಾರ್ಖಾನೆಗಳಲ್ಲಿ, ಕಬ್ಬಿನ ರಸವನ್ನು ಕಡಿಮೆ ಉಷ್ಣತೆಯಲ್ಲಿ ಕುದಿಸಿ ಹರಳುಗಟ್ಟಿಸುವ ವ್ಯಾಕ್ಯೂಮ್ ಪ್ಯಾನುಗಳ ಮೇಲ್ಗಡೆ ಇದೇ ಅಂಗವು ಇದೇ ತತ್ತ್ವದಿಂದ ಕೆಲಸಮಾಡುತ್ತಿರುವುದು. ಅಲ್ಲಿ ರಸ ಸುಟ್ಟು ಕಂದಬಾರದೆಂದು ಕಡಿಮೆ ಒತ್ತಡ. ಇಲ್ಲಿ ನೀರು ತಂಪಾಗಲೆಂದು ಇನ್ನೂ ಕಡಿಮೆ ಒತ್ತಡ.

ನೀರಿನಲ್ಲಿ ಕರಗಿದ್ದ ಗಾಳಿಯೂ, ಕೊಳವೆಗಳ ಜೋಡಣೆಯಲ್ಲಿ ನುಸುಳಿದ ಗಾಳಿಯೂ ದ್ರವವಾಗದೆ ಕಂಡೆನ್ಸರಿನಲ್ಲಿ ಉಳಿದು ಮೆಲ್ಲನೆ ಕೂಡಿಕೊಳ್ಳುವುದು. ಅದನ್ನು ತೆಗೆಯದಿದ್ದರೆ ಒತ್ತಡ ಏರುತ್ತ ಹೋಗಿ ಇಡೀ ವ್ಯವಸ್ಥೆ ನಿಂತುಹೋಗುವುದು. ಇದಕ್ಕಾಗಿ ಮುಖ್ಯ ಎಜೆಕ್ಟರಿನ ಹಿಂದೆ ಸಣ್ಣ ಎಜೆಕ್ಟರುಗಳೆರಡು, ನಡುವೆ ಪುಟ್ಟ ಕಂಡೆನ್ಸರಿನೊಡನೆ, ಸಾಲಾಗಿ ನಿಂತು ಗಾಳಿಯನ್ನು ಎರಡು ಮೆಟ್ಟಿಲುಗಳಲ್ಲಿ ವಾಯುಮಂಡಲಕ್ಕೆ ಎತ್ತಿಹಾಕುವುವು. ಮುಖ್ಯವಾದುದನ್ನು ಬೂಸ್ಟರೆಂದು ಕರೆಯುವುದು ವಾಡಿಕೆ.

ಸ್ಥಾವರವನ್ನು ನಡೆಸಲು ಆರಂಭಿಸುವ ಕ್ರಮವೂ ಇದರಿಂದಲೇ ಗೊತ್ತಾಗುವುದು. ಮೊದಲು ಕಂಡೆನ್ಸರಿಗೆ ತಣ್ಣೀರನ್ನು ಬಿಡಬೇಕು. ಆಮೇಲೆ ಸಣ್ಣ ಎಜೆಕ್ಟರುಗಳ ಉಗಿಯನ್ನು ತೆರೆದು ಒಳಗಿನ ಗಾಳಿಯನ್ನೆಲ್ಲ ಎಳೆಸಬೇಕು. ಒತ್ತಡಮಾಪಕದ ಮುಳ್ಳು ಸಾಕಷ್ಟು ಇಳಿದ ಬಳಿಕವೇ ಬೂಸ್ಟರಿನ ಕವಾಟವನ್ನು ತೆರೆಯಬೇಕು. ಅವಸರಪಟ್ಟು ಬೂಸ್ಟರನ್ನು ಮೊದಲೇ ತೆರೆದರೆ, ದಾಟಲಾರದ ಧಾರೆಯು ಹಿಂದಿರುಗಿ ಫ್ಲ್ಯಾಶ್ ಚೇಂಬರಿಗೆ ನುಗ್ಗಿ, ತಂಪುಮಾಡಬೇಕಾದ ನೀರನ್ನು ಕಾಯಿಸಿಬಿಡುವುದು. ನಡೆಯುತ್ತಿರುವ ಯಂತ್ರದಲ್ಲಿಯೂ ಈ ಅಪಾಯ ಇದ್ದೇ ಇದೆ. ಕಂಡೆನ್ಸರಿನ ಒತ್ತಡವು ಒಂದು ಮಿತಿಯೊಳಗೆ ಇರುವವರೆಗೆ ಬೂಸ್ಟರು ಸೆಳೆಯುವ ಆವಿಯ ಪ್ರಮಾಣದಲ್ಲಿ ವ್ಯತ್ಯಾಸವೇ ಕಾಣುವುದಿಲ್ಲ. ಆ ಮಿತಿಯನ್ನು ದಾಟಿದೊಡನೆ ಆಘಾತ ತರಂಗವು ಕಂಠದಿಂದ ಹಿಂದಕ್ಕೆ ಸರಿದು, ಸೆಳೆತ ಒಮ್ಮೆಲೇ ಕುಸಿಯುವುದು. ಕಡುಬೇಸಗೆಯ ಮಧ್ಯಾಹ್ನ ಕೂಲಿಂಗ್ ಟವರಿನ ನೀರು ಬಿಸಿಯೇರಿದಾಗ, ಒಂದೇ ಸಮನಾಗಿ ಭೋರ್ಗರೆಯುತ್ತಿದ್ದ ಬೂಸ್ಟರಿನ ಸದ್ದು ಇದ್ದಕ್ಕಿದ್ದಂತೆ ಮುರಿದು ಏರಿಳಿಯತೊಡಗುವುದು. ಅನುಭವಿಯಾದ ಆಪರೇಟರು ಮಾಪಕವನ್ನು ನೋಡುವ ಮೊದಲೇ ಕಿವಿಯಿಂದ ಇದನ್ನು ಅರಿಯುವನು. ತಂಪು ಅತ್ಯಂತ ಬೇಕಾದ ಹೊತ್ತಿನಲ್ಲಿಯೇ ಯಂತ್ರಕ್ಕೆ ಈ ಪರೀಕ್ಷೆ ಒದಗುವುದು. ಆದಕಾರಣ ವಿನ್ಯಾಸಕಾರನು ವರ್ಷದ ಸರಾಸರಿ ನೀರನ್ನಲ್ಲ, ಅತಿ ಬಿಸಿಯಾದ ದಿನದ ನೀರನ್ನು ಗಮನದಲ್ಲಿಟ್ಟುಕೊಳ್ಳಬೇಕು.

ನಳಿಕೆಯ ಅಳತೆಯು ಸ್ಥಿರವಾದುದರಿಂದ, ಹೊರೆ ಕಡಿಮೆಯಾದಾಗ ಉಗಿಯನ್ನು ಸ್ವಲ್ಪ ಸ್ವಲ್ಪವಾಗಿ ತಗ್ಗಿಸುವುದೂ ಸಾಧ್ಯವಾಗದು; ತಗ್ಗಿಸಿದರೆ ಧಾರೆಯ ಬಲ ಕುಗ್ಗಿ ಸೆಳೆತವೇ ತಪ್ಪುವುದು. ಈ ಕಾರಣದಿಂದ ಒಂದೇ ದೊಡ್ಡ ಬೂಸ್ಟರಿಗೆ ಬದಲಾಗಿ ಹಲವು ಸಣ್ಣವನ್ನು ಅಳವಡಿಸಿ, ಬೇಕಾದಷ್ಟನ್ನು ಪೂರ್ಣವಾಗಿ ತೆರೆದು ಉಳಿದವನ್ನು ಪೂರ್ಣವಾಗಿ ಮುಚ್ಚುವ ಪದ್ಧತಿ ಬಂದಿತು. ಉಳಿದಂತೆ ಯಂತ್ರದ ಆರೈಕೆ ಅತ್ಯಲ್ಪ: ಉಗಿ ಒಣಗಿರಬೇಕು, ಏಕೆಂದರೆ ಆ ವೇಗದಲ್ಲಿ ನೀರಿನ ಹನಿಯು ಮರಳಿನಂತೆ ನಳಿಕೆಯನ್ನು ಕೊರೆಯುವುದು, ಜೋಡಣೆಗಳು ಬಿಗಿಯಾಗಿರಬೇಕು, ನಳಿಕೆಯಲ್ಲಿ ಕಿಟ್ಟ ಕಟ್ಟದಂತೆ ನೋಡಿಕೊಳ್ಳಬೇಕು. ಎಣ್ಣೆ ಹಾಕುವ ಬೇರಿಂಗಿಲ್ಲ, ಸವೆಯುವ ವಾಲ್ವಿಲ್ಲ. ದಶಕಗಳ ಕಾಲ ಒಂದೇ ಎಜೆಕ್ಟರು ನಡೆಯುವುದು ಅಪರೂಪವಲ್ಲ.

ಖರ್ಚಿನ ವಿಷಯದಲ್ಲಿ ಸ್ಪಷ್ಟವಾದ ಮಾತು ಅಗತ್ಯ. ಒಂದು ಕಿಲೋಗ್ರಾಂ ಆವಿಯನ್ನು ಸೆಳೆಯಲು ಎರಡರಿಂದ ಮೂರು ಕಿಲೋಗ್ರಾಂ ಉಗಿ ಬೇಕಾಗುವುದು. ಎಂದರೆ ಒಂದು ಟನ್ ಶೈತ್ಯಕ್ಕೆ ಗಂಟೆಗೆ ಹದಿಮೂರು ಹದಿನಾಲ್ಕು ಕಿಲೋಗ್ರಾಂ ಉಗಿ. ಉಗಿಗೆ ವ್ಯಯವಾದ ಶಾಖಕ್ಕೆ ಹೋಲಿಸಿದರೆ ದೊರೆತ ತಂಪು ಅದರ ಮೂರನೆಯ ಒಂದು ಭಾಗದಿಂದ ಅರ್ಧದವರೆಗೆ ಮಾತ್ರ; ಶಾಖದಿಂದಲೇ ನಡೆಯುವ ಹೀರಿಕೆಯ ಶೈತ್ಯಯಂತ್ರವು ಸರಳ ರೂಪದಲ್ಲಿಯೂ 0.7ರಷ್ಟನ್ನು ಕೊಡುತ್ತದೆ. ಇನ್ನು ಕಂಡೆನ್ಸರು ಹೊರಹಾಕಬೇಕಾದ ಶಾಖವು ದೊರೆತ ತಂಪಿನ ಮೂರೂವರೆ ನಾಲ್ಕು ಪಟ್ಟಾಗುವುದರಿಂದ, ವಿದ್ಯುತ್ತಿನ ಸಂಪೀಡಕ ಯಂತ್ರಕ್ಕೆ ಬೇಕಾದುದರ ಮೂರರಷ್ಟು ತಣ್ಣೀರು ಇದಕ್ಕೆ ಬೇಕು. ಉಗಿಗೂ ನೀರಿಗೂ ಬೆಲೆ ತೆತ್ತು ಈ ಯಂತ್ರವನ್ನು ನಡೆಸಹೊರಟರೆ ಅದು ಅವಿವೇಕ. ಆದರೆ ಟರ್ಬೈನಿನಲ್ಲಿ ವಿದ್ಯುತ್ತನ್ನು ಕೊಟ್ಟು ಹೊರಬಂದ ಕಡಿಮೆ ಒತ್ತಡದ ಉಗಿ ಆಕಾಶಕ್ಕೆ ಹೋಗುತ್ತಿರುವಲ್ಲಿ, ನದಿಯೋ ಸಮುದ್ರವೋ ಪಕ್ಕದಲ್ಲಿರುವಲ್ಲಿ, ಕಿಡಿ ಹಾರಿದರೆ ಅನಾಹುತವಾಗುವ ರಾಸಾಯನಿಕಗಳ ನಡುವೆ, ಈ ಯಂತ್ರಕ್ಕೆ ಸಾಟಿಯಾದುದು ಸುಲಭವಾಗಿ ಸಿಕ್ಕದು. ದಕ್ಷತೆಯ ಅಂಕಿಯೊಂದನ್ನೇ ಹಿಡಿದು ಯಂತ್ರಗಳನ್ನು ಸಾಲಾಗಿ ನಿಲ್ಲಿಸುವ ವಿಮರ್ಶೆಯು, ಶಾಖವು ಎಲ್ಲಿಂದ ಬಂದಿತೆಂಬ ಪ್ರಶ್ನೆಯನ್ನೇ ಮರೆಯುವುದು.

1930ರ ದಶಕದಲ್ಲಿ ಅಮೆರಿಕದ ದೊಡ್ಡ ಕಟ್ಟಡಗಳ ಹವಾನಿಯಂತ್ರಣದಲ್ಲಿ ಉಗಿಧಾರಾ ಯಂತ್ರಗಳಿಗೆ ಸಾಕಷ್ಟು ಮನ್ನಣೆಯಿದ್ದಿತು. ಚಳಿಗಾಲದಲ್ಲಿ ಕಟ್ಟಡವನ್ನು ಕಾಯಿಸಲೆಂದು ಇದ್ದ ಬಾಯ್ಲರು ಬೇಸಗೆಯಲ್ಲಿ ಸುಮ್ಮನಿರುತ್ತಿದ್ದುದರಿಂದ, ಅದೇ ಉಗಿಯಿಂದ ತಂಪನ್ನೂ ಪಡೆಯುವ ಯೋಚನೆ ಸಹಜವಾಗಿತ್ತು. ರೈಲುಗಳಲ್ಲಿಯೂ ಹಾಗೆಯೇ. ಅಲ್ಲಿನ ಸಾಂತಾ ಫೆ ರೈಲ್ವೆಯು ತನ್ನ ಪ್ರಯಾಣಿಕರ ಬೋಗಿಗಳನ್ನು ತಂಪಾಗಿಡಲು ಈ ಪದ್ಧತಿಯನ್ನು ವ್ಯಾಪಕವಾಗಿ ಅಳವಡಿಸಿಕೊಂಡಿತು. ಎಂಜಿನ್ನಿನಿಂದ ಹೊರಟು ಬೋಗಿಯಿಂದ ಬೋಗಿಗೆ ಹಾಯ್ದು ಚಳಿಗಾಲದಲ್ಲಿ ಕಾವು ಕೊಡುತ್ತಿದ್ದ ಉಗಿಯ ಕೊಳವೆಯೇ, ಪಶ್ಚಿಮದ ಮರುಭೂಮಿಯನ್ನು ದಾಟುವಾಗ ಬೋಗಿಯ ಅಡಿಯಲ್ಲಿದ್ದ ಎಜೆಕ್ಟರಿಗೆ ಉಸಿರಾಯಿತು. ಆದರೆ ಅದೇ ದಶಕದಲ್ಲಿ ಫ್ರಿಯಾನ್ ವರ್ಗದ ಶೀತಕಗಳು ಬಳಕೆಗೆ ಬಂದುವು. ವಿಷವಿಲ್ಲದ, ಉರಿಯದ, ಸಣ್ಣ ಗಾತ್ರದ ಸಂಪೀಡಕಕ್ಕೆ ಒಗ್ಗುವ ಅವು ನೀರಿನ ಸುರಕ್ಷತೆಯನ್ನೂ ಅಮೋನಿಯಾದ ಸಾಂದ್ರತೆಯನ್ನೂ ಒಟ್ಟಿಗೆ ತಂದಂತೆ ಆಯಿತು. ವಿದ್ಯುತ್ತು ಎಲ್ಲೆಡೆಯೂ ಹಬ್ಬಿತು. ಕಟ್ಟಡಗಳಿಂದ ಉಗಿಧಾರೆಯು ಹಿಂದೆ ಸರಿಯಿತು. ಆ ಫ್ರಿಯಾನುಗಳೇ ಓಜೋನ್ ಪದರವನ್ನು ತಿನ್ನುತ್ತಿವೆಯೆಂದು ತಿಳಿದು, 1987ರ ಮಾಂಟ್ರಿಯಲ್ ಒಪ್ಪಂದದಿಂದ ಅವುಗಳ ಬಳಕೆಗೆ ಕಡಿವಾಣ ಬಿದ್ದಮೇಲೆ ನೀರಿನ ಕಡೆಗೆ ಮತ್ತೆ ಕೆಲವರ ದೃಷ್ಟಿ ಹೊರಳಿತು.

ನೀರು ಸೊನ್ನೆ ಡಿಗ್ರಿಯಲ್ಲಿ, ನಾಲ್ಕೂವರೆ ಮಿಲಿಮೀಟರಿಗೆ ತುಸು ಮೇಲಿನ ಒತ್ತಡದಲ್ಲಿ, ಏಕಕಾಲದಲ್ಲಿ ಕುದಿಯುತ್ತಲೂ ಹೆಪ್ಪುಗಟ್ಟುತ್ತಲೂ ಇರುವುದರಿಂದ, ಸಾಮಾನ್ಯ ಸ್ಥಾವರಗಳು ನಾಲ್ಕೈದು ಡಿಗ್ರಿಗಿಂತ ಕೆಳಕ್ಕೆ ಇಳಿಯುವುದಿಲ್ಲ. ಮಾಂಸ ಮೀನುಗಳನ್ನು ಹೆಪ್ಪುಗಟ್ಟಿಸಿಡುವ ಶೀತಲಗೃಹಗಳಿಗೆ ಇವು ಒದಗುವಂಥವಲ್ಲ. ಆದರೂ ಪಾತ್ರೆಯೊಳಗಿನ ಪದಾರ್ಥವೇ ಕುದಿದು ತನ್ನನ್ನು ತಂಪುಮಾಡಿಕೊಳ್ಳುವಂತೆ ಮಾಡುವ ಕಾರ್ಯಗಳಲ್ಲಿ ಉಗಿಧಾರೆಯ ಸ್ಥಾನ ಭದ್ರವಾಗಿದೆ. ರಾಸಾಯನಿಕ ಕಾರ್ಖಾನೆಗಳಲ್ಲಿ ಲವಣಗಳ ದ್ರಾವಣವನ್ನು ನಿರ್ವಾತದಲ್ಲಿ ತಂಪಿಸಿ ಹರಳುಗಟ್ಟಿಸುವಾಗ, ತಂಪುಮಾಡುವ ಕೊಳವೆಯೇ ಇಲ್ಲದಿರುವುದರಿಂದ ಹರಳು ಅಂಟಿಕೊಳ್ಳಲು ಮೈಯೂ ಇಲ್ಲ. ಹೊಲದಿಂದ ತಂದ ಸೊಪ್ಪನ್ನು ಮುಚ್ಚಿದ ಕೊಠಡಿಯಲ್ಲಿರಿಸಿ ಗಾಳಿಯನ್ನೆಳೆದರೆ, ಎಲೆಯ ಒಳಗಣ ತೇವವೇ ಆವಿಯಾಗಿ, ರಾಶಿಯ ನಟ್ಟನಡುವಿನ ಎಲೆಯೂ ಹೊರಗಿನ ಎಲೆಯಷ್ಟೇ ಬೇಗ ತಂಪಾಗುವುದು. ಪ್ರತಿ ಆರು ಡಿಗ್ರಿಯ ಇಳಿತಕ್ಕೆ ಸೊಪ್ಪು ತನ್ನ ತೂಕದಲ್ಲಿ ಸುಮಾರು ಶೇಕಡ ಒಂದನ್ನು ಕಳೆದುಕೊಳ್ಳುವುದು. ಸಮುದ್ರದ ನೀರನ್ನು ಬಟ್ಟಿಯಿಳಿಸಿ ಸಿಹಿನೀರು ಮಾಡುವ ಕೊಲ್ಲಿ ದೇಶಗಳ ಸ್ಥಾವರಗಳಲ್ಲಿಯೂ, ಒಮ್ಮೆ ಬಳಸಿದ ಆವಿಯನ್ನು ಎತ್ತಿ ಮತ್ತೆ ಬಳಕೆಗೆ ತರುವ ಸಾಧನವಾಗಿ ಇದೇ ಎಜೆಕ್ಟರು ದುಡಿಯುತ್ತಿದೆ.

ಈಚಿನ ಸಂಶೋಧನೆಯು ಎರಡು ದಿಕ್ಕಿನಲ್ಲಿ ಸಾಗಿದೆ. ಸೂರ್ಯನ ಶಾಖದಿಂದಲೋ ಎಂಜಿನ್ನುಗಳು ಹೊರಬಿಡುವ ಬಿಸಿಯಿಂದಲೋ, ನೂರು ಡಿಗ್ರಿಗೂ ಕೆಳಗಿನ ಉಷ್ಣತೆಯಲ್ಲಿ ಎಜೆಕ್ಟರನ್ನು ನಡೆಸುವುದು ಒಂದು. ಇಂಥಲ್ಲಿ ನೀರಿಗೆ ಬದಲಾಗಿ ಸುಲಭವಾಗಿ ಆವಿಯಾಗುವ ಬೇರೆ ದ್ರವಗಳನ್ನು ಬಳಸುವುದೂ ಉಂಟು. ಇಂಗಾಲದ ಡೈ ಆಕ್ಸೈಡನ್ನು ಶೀತಕವಾಗಿ ಬಳಸುವ ಸಂಪೀಡಕ ಯಂತ್ರಗಳಲ್ಲಿ, ಒತ್ತಡವನ್ನು ಇಳಿಸುವ ಕವಾಟದಲ್ಲಿ ವ್ಯರ್ಥವಾಗುತ್ತಿದ್ದ ಶಕ್ತಿಯನ್ನು ಹಿಡಿಯಲು ಎಜೆಕ್ಟರನ್ನು ಹೂಡುವುದು ಇನ್ನೊಂದು. ಇದು ದೊಡ್ಡ ಅಂಗಡಿಗಳ ಶೈತ್ಯವ್ಯವಸ್ಥೆಗಳಲ್ಲಿ ಈಗಾಗಲೇ ಬಳಕೆಗೆ ಬಂದಿದೆ. ಸ್ಥಿರವಾದ ಅಳತೆಯೆಂಬ ಹಳೆಯ ದೋಷವನ್ನು ನೀಗಲು, ನಳಿಕೆಯ ಕಂಠದೊಳಗೆ ಚೂಪಾದ ಸೂಜಿಯಾಕಾರದ ದಂಡವೊಂದನ್ನು ಹಿಂದುಮುಂದಾಗಿ ಸರಿಸಿ ಕಂಠದ ಅಗಲವನ್ನು ಹೊರೆಗೆ ತಕ್ಕಂತೆ ಹೊಂದಿಸುವ ಎಜೆಕ್ಟರುಗಳನ್ನೂ ರಚಿಸಿದ್ದಾರೆ. ಹೊರೆಯ ಏರಿಳಿತಕ್ಕೆ ಒಗ್ಗುವ ಗುಣವನ್ನು ಇವು ತಂದುಕೊಟ್ಟಿವೆಯಾದರೂ, ಅದಕ್ಕಾಗಿ ಚಲಿಸುವ ಅಂಗವೊಂದನ್ನು ಎಜೆಕ್ಟರಿನೊಳಗೆ ಸೇರಿಸಬೇಕಾಗಿ ಬಂದಿದೆ.